ಮುಟ್ಟದೆ ಆಡಲಾಗದ ಆಟ

ಒಂದು

ಆಟ ಆಡುವವರಿಗೆ ಸೇರಿದ್ದು ಎಂಬುದು ಹಳೆಯ ಮಾತು. ಈಗ ಅದು ಕೊಂಡವರಿಗೆ ಸೇರಿದ್ದು. ನಮ್ಮ ಪಾಲಿಗೆ ಉಳಿದಿರುವುದು ನೋಡುವುದು, ಕೂಗುವುದು, ಗೇಟಿನ ಹೊರಗೆ ನಿಲ್ಲುವುದು.

ಗೇಟಿನ ಹೊರಗೆ ನಿಂತವರು ಸತ್ತದ್ದನ್ನೂ ನಾವು ಕಂಡೆವು. 2025ರ ಜೂನ್ 3ರಂದು ಬೆಂಗಳೂರಿನ ಹೆಸರು ಹೊತ್ತ ತಂಡ 18ನೇ ವರ್ಷದಲ್ಲಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಸುಮಾರು 35 ಸಾವಿರ ಜನ ಹಿಡಿಸುವ ಜಾಗಕ್ಕೆ ಎರಡು ಲಕ್ಷಕ್ಕೂ ಮೀರಿ ಜನ ಬಂದರು. ಗೇಟುಗಳ ಹತ್ತಿರ ನೂಕುನುಗ್ಗಲಾಗಿ 11 ಮಂದಿ ಸತ್ತರು. ಹೆಚ್ಚಿನವರು ಹರೆಯದವರು. ಹೊರಗೆ ಜನ ಉಸಿರುಗಟ್ಟಿ ಬೀಳುತ್ತಿದ್ದಾಗ ಒಳಗೆ ಸನ್ಮಾನ ನಡೆದಿತ್ತು.

ಸತ್ತವರನ್ನೇ ಹುಚ್ಚರು ಅಂತ ಬೈದವರು ಬಹಳ ಮಂದಿ. ನಾವು ಬೈಯುವುದಿಲ್ಲ. 'ನಮ್ಮವರು ಗೆದ್ರು' ಅಂತ ಕುಣಿಯಬೇಕು ಅನ್ನೋ ಹಸಿವು ಸುಳ್ಳಲ್ಲ. ದುಡಿದು ದಣಿದ ಜೀವಕ್ಕೆ ಎಲ್ಲರ ಜೊತೆ ಸೇರಿ ಕೂಗುವ ಒಂದು ದಿನ ಬೇಕೇ ಬೇಕು. ನಮ್ಮ ಪ್ರಶ್ನೆ ಬೇರೆ: ಆ 'ನಮ್ಮ' ಅನ್ನುವುದರಲ್ಲಿ ನಮ್ಮದು ಏನಿತ್ತು? ಆ ತಂಡದ ಹೆಸರು ಬಂದದ್ದು ಒಂದು ವಿಸ್ಕಿ ಬ್ರಾಂಡಿನಿಂದ. 2008ರಲ್ಲಿ ಅದನ್ನು 11 ಕೋಟಿ 16 ಲಕ್ಷ ಡಾಲರಿಗೆ ಕೊಂಡದ್ದು ಮದ್ಯದ ಉದ್ಯಮಿ ವಿಜಯ್ ಮಲ್ಯರ ಕಂಪನಿ. 2023ರಿಂದ 2027ರವರೆಗೆ ಐದು ವರ್ಷ ಈ ಪಂದ್ಯಗಳನ್ನು ತೋರಿಸುವ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಒಂದೊಂದು ಪಂದ್ಯಕ್ಕೆ ನೂರು ಕೋಟಿಗೂ ಮೀರಿ. ಅಲ್ಲಿ ಮಾರಾಟವಾದದ್ದು ಆಟ ಅಂತ ತಿಳಿಯಬೇಡಿ. ಮಾರಾಟವಾದದ್ದು ನಮ್ಮ ಕಣ್ಣು. ನಾವು ಟಿವಿ ಮುಂದೆ, ಮೊಬೈಲ್ ಮುಂದೆ ಕೂತೇ ಕೂರುತ್ತೇವೆ ಎಂಬ ಭರವಸೆಯ ಮೇಲೆ ನಡೆದ ವ್ಯಾಪಾರ ಅದು. ಸರಕು ನಾವೇ, ಆದರೂ ಗಿರಾಕಿ ಅಂತ ನಂಬಿಕೊಂಡಿದ್ದೇವೆ.

ಹಾಗಾದರೆ ಕೇಡಿರುವುದು ದುಡ್ಡಿನಲ್ಲೇ? ದುಡ್ಡಿಲ್ಲದೆ, ಬರೀ ಖುಷಿಗೆ ಆಡಿದರೆ ಆಟ ಶುದ್ಧವಾಗುತ್ತದೆಯೆ? ಹೀಗೆ ಹೇಳುವ ಸಭ್ಯರು ನಮ್ಮ ನಡುವೆ ಇದ್ದಾರೆ. ಅವರ ಮಾತು ನಂಬುವ ಮೊದಲು ಈ ಮಾತು ಹುಟ್ಟಿದ್ದು ಎಲ್ಲಿ, ಯಾರ ಬಾಯಲ್ಲಿ ಅಂತ ನೋಡಬೇಕು. ಅದಕ್ಕೆ ಕ್ರಿಕೆಟ್ಟಿನ ತವರಾದ ಇಂಗ್ಲೆಂಡಿಗೆ ಹೋಗಬೇಕು.

ಎರಡು

'ದುಡ್ಡಿಗಾಗಿ ಆಡಬಾರದು' ಎಂಬ ನೀತಿಯನ್ನು ಇಂಗ್ಲೆಂಡಿನಲ್ಲಿ ಸಾರಿದವರು ಜಮೀನ್ದಾರರು, ದೊಡ್ಡ ಶಾಲೆಗಳಲ್ಲಿ ಓದಿದವರು. ಹೊಟ್ಟೆ ತುಂಬಿದವನಿಗೆ ಬಿಟ್ಟಿ ಆಡುವುದು ಕಷ್ಟವಲ್ಲ. ಹೆನ್ಲಿ ಎಂಬ ಊರಿನ ದೋಣಿ ಸ್ಪರ್ಧೆಯವರು 1879ರಲ್ಲಿ ಒಂದು ನಿಯಮ ಮಾಡಿದರು: ಕೂಲಿಗೆ ದುಡಿಯುವ ಕುಶಲಕರ್ಮಿ, ಮೆಕ್ಯಾನಿಕ್, ಕೆಲಸಗಾರ ಯಾರೂ ಇಲ್ಲಿ ಹುಟ್ಟು ಹಾಕುವಂತಿಲ್ಲ. ಅವನು ಆಟದಿಂದ ಒಂದು ಕಾಸು ಮುಟ್ಟಿರಬೇಕಾಗಿಲ್ಲ. ಮೈ ಬಗ್ಗಿಸಿ ದುಡಿಯುತ್ತಾನೆ ಎಂಬುದೇ ಸಾಕು, ಅವನು ಅನರ್ಹ.

ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಗಣಿ ಕಾರ್ಮಿಕರೂ ಗಿರಣಿ ಕಾರ್ಮಿಕರೂ ಇದ್ದರು. ಶನಿವಾರ ಆಟಕ್ಕೆ ಹೋದರೆ ಅವರ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಹೋದ ಕೂಲಿಯನ್ನಾದರೂ ಕಟ್ಟಿಕೊಡಿ ಅಂತ ಅವರ ಕ್ಲಬ್ಬುಗಳು ಕೇಳಿದವು. ದಕ್ಷಿಣದ ಸಭ್ಯರು ಒಪ್ಪಲಿಲ್ಲ. 1895ರಲ್ಲಿ ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನಲ್ಲಿ ಸಭೆ ಸೇರಿ ಬೇರೆಯಾದವು. ಒಂದು ಆಟ ಎರಡಾಯಿತು. ಹೋದ ಕೂಲಿಯ ಜಗಳದಿಂದ!

ಕ್ರಿಕೆಟ್ಟಿನಲ್ಲಿ ಇದಕ್ಕೆ ಇನ್ನೂ ನಯವಾದ ಏರ್ಪಾಡಿತ್ತು. ಬಿಟ್ಟಿ ಆಡುವವನು 'ಜಂಟಲ್‌ಮನ್', ಸಂಬಳಕ್ಕೆ ಆಡುವವನು 'ಪ್ಲೇಯರ್'. ಒಂದೇ ತಂಡದವರೇ ಆದರೂ ಬಟ್ಟೆ ಬದಲಿಸುವ ಕೋಣೆ ಬೇರೆ, ಎಷ್ಟೋ ಕಡೆ ಮೈದಾನಕ್ಕೆ ಇಳಿಯುವ ಬಾಗಿಲೂ ಬೇರೆ. ಅಚ್ಚಿನ ಪಟ್ಟಿಯಲ್ಲಿ ಹೆಸರು ಬರೆಯುವ ರೀತಿಯೂ ಬೇರೆ. ಬ್ಯಾಟು ಬೀಸುವುದು ದೊರೆಗಳ ಸೊಗಸು. ದಿನವಿಡೀ ಓಡಿ ಬಂದು ಚೆಂಡೆಸೆಯುವ ದುಡಿಮೆ ಬಹುಮಟ್ಟಿಗೆ ಸಂಬಳದವರದು. ಸಂಬಳದ ಆಟಗಾರನೊಬ್ಬ ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡ್ ತಂಡದ ನಾಯಕನಾಗಲು 1952ರವರೆಗೆ ಕಾಯಬೇಕಾಯಿತು. ಅವರು ಲೆನ್ ಹಟನ್. ಈ ಭೇದವನ್ನು ಕಾಗದದಿಂದ ಅಳಿಸಿದ್ದು 1962ರಲ್ಲಿ.

ಇದೆಲ್ಲ ಓದಿದರೆ ನಮ್ಮ ಊರಿನ ಕಥೆಯೇ ಅನ್ನಿಸುವುದಿಲ್ಲವೆ? ಜಾತಿ ಎಂಬ ಪದ ಅಲ್ಲಿರಲಿಲ್ಲ, ಬಾಗಿಲು ಮಾತ್ರ ಎರಡಿದ್ದವು. ಆದ್ದರಿಂದ ಆಡುವವನು ದುಡ್ಡು ಪಡೆಯುವುದು ತಪ್ಪು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ದುಡಿದವನಿಗೆ ಕೂಲಿ ಸಿಗಬೇಕು. ನಮ್ಮ ಜಗಳ ಆಡುವವನ ಕೂಲಿಯ ಜೊತೆ ಅಲ್ಲ, ಆಟವನ್ನೇ ಆಸ್ತಿ ಮಾಡಿಕೊಂಡವನ ಜೊತೆ.

ಈ ಎರಡು ಬಾಗಿಲಿನ ಆಟ ಹಡಗು ಹತ್ತಿ ಎರಡು ಲೋಟದ ದೇಶಕ್ಕೆ ಬಂದಾಗ ಏನಾಯಿತು ಎಂಬುದನ್ನು ಒಬ್ಬ ಮನುಷ್ಯನ ಬಾಳಿನಲ್ಲಿ ನೋಡಬಹುದು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಹೆಸರು ಪಾಲ್ವಂಕರ್ ಬಾಳೂ.

ಮೂರು

ಬಾಳೂ ಚಮ್ಮಾರ ಜಾತಿಯವರು. ಅವರ ಕುಟುಂಬದ ಮೂಲ ರತ್ನಾಗಿರಿ ಕಡೆಯ ಪಾಲ್ವಣ. ತಂದೆಗೆ ಸೈನ್ಯದ ಚಾಕರಿ. ಸೋಲ್ಜರುಗಳು ಬಿಸಾಕಿದ ಬ್ಯಾಟು ಚೆಂಡಿನಲ್ಲಿ ಆಟ ಕಲಿತ ಹುಡುಗ ಪುಣೆಯ ಬಿಳಿಯರ ಜಿಮ್‌ಖಾನಾದಲ್ಲಿ ಕೆಲಸಕ್ಕೆ ಸೇರಿದ. ತಿಂಗಳಿಗೆ 4 ರೂಪಾಯಿ. ಪಿಚ್ಚು ಗುಡಿಸುವುದು, ರೋಲರ್ ಎಳೆಯುವುದು, ಬಲೆ ಕಟ್ಟುವುದು, ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯುವುದು. ಗ್ರೆಗ್ ಎಂಬ ಸಾಹೇಬ ತನ್ನನ್ನು ಔಟ್ ಮಾಡಿದಾಗೆಲ್ಲ ಎಂಟಾಣೆ ಕೊಡುತ್ತಿದ್ದ ಅಂತ ಕಥೆಯಿದೆ. ನೂರಾರು ಗಂಟೆ ಚೆಂಡೆಸೆದರೂ ಒಂದು ದಿನವೂ ಬಾಳೂ ಕೈಗೆ ಯಾರೂ ಬ್ಯಾಟು ಕೊಡಲಿಲ್ಲವಂತೆ. ಚೆಂಡೆಸೆಯುವುದು ಚಾಕರಿ, ಬ್ಯಾಟು ಹಿಡಿಯುವುದು ದೊರೆತನ.

ಆ ಚಾಕರಿಯಲ್ಲೇ ಬಾಳೂ ಎಡಗೈ ಸ್ಪಿನ್ ಬೌಲಿಂಗನ್ನು ಕರಗತ ಮಾಡಿಕೊಂಡರು. ಆಗ ಪುಣೆಯ ಹಿಂದೂಗಳಿಗೆ ಸಂಕಟ ಶುರುವಾಯಿತು. ಬಿಳಿಯರನ್ನು ಸೋಲಿಸಬೇಕಾದರೆ ಬಾಳೂ ಬೇಕು. ಬಾಳೂ ಬಂದರೆ ಜಾತಿ ಕೆಡುತ್ತದೆ. ಕೊನೆಗೆ ಅವರು ಕಂಡುಕೊಂಡ ಉಪಾಯ ನೋಡಿ. ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಬಹುದು. ಟೀ ವೇಳೆಗೆ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ, ಬಿಸಾಕುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಊಟ ಬೇರೆ ತಟ್ಟೆಯಲ್ಲಿ, ಬೇರೆ ಮೇಜಿನಲ್ಲಿ. ಚೆಂಡಿಗೆ ಮೈಲಿಗೆಯಿಲ್ಲ, ಲೋಟಕ್ಕಿದೆ! ಕೆಲಸವಾಗುವ ತನಕ ಮುಟ್ಟಬಹುದು, ಕೆಲಸ ಮುಗಿದ ಮೇಲೆ ಮುಟ್ಟಬಾರದು ಎಂಬ ಈ ಶಾಸ್ತ್ರ ನಮಗೆ ಹೊಸದೇನಲ್ಲ. ಹೊಲದಲ್ಲಿ ನಾವು ಮುಟ್ಟಿ ಬೆಳೆದ ರಾಗಿ ಅವರ ಮನೆಯೊಳಗೆ ಹೋಗುತ್ತದೆ, ನಾವು ಅಂಗಳದಲ್ಲೇ ಉಳಿಯುತ್ತೇವೆ.

1906ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ ಎಂಟು ವಿಕೆಟ್ ತೆಗೆದರು. ತಮ್ಮ ಶಿವರಾಮರೂ ಆ ತಂಡದಲ್ಲಿದ್ದರು. ಇದನ್ನು ರಾಷ್ಟ್ರದ ಗೆಲುವು ಅಂತ ಕೊಂಡಾಡಿದರು. 1911ರಲ್ಲಿ ಪಟಿಯಾಲಾ ಮಹಾರಾಜನ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತದ್ದೇ ಹೆಚ್ಚು, ಆದರೆ ಬಾಳೂ 114 ವಿಕೆಟ್ ಉರುಳಿಸಿ ಬಂದರು. ಅವರ ಕೈಚಳಕ ಇಷ್ಟಿದ್ದರೂ ನಾಯಕನ ಪಟ್ಟ ಕೊನೆಗೂ ಅವರಿಗೆ ದಕ್ಕಲಿಲ್ಲ. 1920ರಲ್ಲಿ ಬಾಳೂವನ್ನು ತಂಡದಿಂದ ಕೈಬಿಟ್ಟರು. ನಾಯಕತ್ವಕ್ಕೆ ಎಲ್ಲ ಅರ್ಹತೆಯಿದ್ದ ತಮ್ಮ ವಿಠ್ಠಲರನ್ನೂ ಬದಿಗೆ ಸರಿಸಿದರು. ಆಗ ವಿಠ್ಠಲ, ಶಿವರಾಮ ಇಬ್ಬರೂ 'ನಾವು ಆಡುವುದಿಲ್ಲ' ಅಂತ ಹೊರಬಂದರು.

ಗೆಳೆಯರೆ, ಈ ಮಾತನ್ನು ಗಮನಿಸಿ. ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿದ್ದು 1927ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ ಇಬ್ಬರು ಆಟಗಾರರು ಮರ್ಯಾದೆಗಾಗಿ ಆಟ ಬಿಟ್ಟು ನಡೆದಿದ್ದರು. ಆ ಪ್ರತಿಭಟನೆ ವ್ಯರ್ಥವಾಗಲಿಲ್ಲ. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು.

ಆದರೆ ಗೆದ್ದ ಆಟಗಾರನನ್ನು ವ್ಯವಸ್ಥೆ ಏನು ಮಾಡುತ್ತದೆ ಎಂಬುದೂ ಇದೇ ಬಾಳಿನಲ್ಲಿದೆ. 1937ರ ಬೊಂಬಾಯಿ ಚುನಾವಣೆಯಲ್ಲಿ ಅಂಬೇಡ್ಕರರ ಎದುರು ಕಾಂಗ್ರೆಸ್ಸು ನಿಲ್ಲಿಸಿದ್ದು ಬಾಳೂವನ್ನೇ. ಬಾಬಾಸಾಹೇಬರು ಸುಮಾರು ಎರಡು ಸಾವಿರ ಮತಗಳಿಂದ ಗೆದ್ದರು. ಒಬ್ಬ ದಲಿತನ ಖ್ಯಾತಿಯನ್ನು ಇನ್ನೊಬ್ಬ ದಲಿತನ ಹೋರಾಟದ ಎದುರು ನಿಲ್ಲಿಸುವ ಜಾಣತನ ಇವತ್ತಿನದಲ್ಲ. ಬಾಳೂ 1955ರಲ್ಲಿ ತೀರಿಕೊಂಡರು. 2002ರಲ್ಲಿ ರಾಮಚಂದ್ರ ಗುಹಾ ಕ್ರಿಕೆಟ್ ಚರಿತ್ರೆಯ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ವಿವರವಾಗಿ ಬರೆಯುವ ತನಕ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿತ್ತು? ಧಾರವಾಡದ ಮಣ್ಣಲ್ಲಿ ಹುಟ್ಟಿದವರ ಹೆಸರನ್ನು ನಮ್ಮ ಮಕ್ಕಳ ಯಾವ ಪಾಠ ಹೇಳಿಕೊಟ್ಟಿತ್ತು?

ಅದು ಆ ಕಾಲ, ಈಗ ಎಲ್ಲ ಬದಲಾಗಿದೆ ಅನ್ನುವವರಿಗೆ 2021ನ್ನು ನೆನಪಿಸಬೇಕು. ಟೋಕಿಯೋ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಎದುರು ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಹಾಕಿಯಲ್ಲಿ ಭಾರತದ ಯಾವ ಹೆಣ್ಣುಮಗಳೂ ಅದಕ್ಕೆ ಮುಂಚೆ ಅದನ್ನು ಮಾಡಿರಲಿಲ್ಲ. ಕೆಲವೇ ದಿನಗಳಲ್ಲಿ ತಂಡ ಸೆಮಿಫೈನಲ್ ಸೋತಿತು. ಆಗ ಹರಿದ್ವಾರದ ಹತ್ತಿರದ ರೋಶನಾಬಾದಿನಲ್ಲಿ ಅವರ ಮನೆ ಮುಂದೆ ಮೇಲ್ಜಾತಿಯ ಕೆಲವರು ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಜಾಸ್ತಿಯಾದ್ದರಿಂದಲೇ ಸೋತದ್ದು ಅಂತ ಜಾತಿ ಹಿಡಿದು ಬೈದರು ಎಂದು ಮನೆಯವರು ದೂರು ಕೊಟ್ಟರು. ಪೊಲೀಸ್ ಕೇಸಾಯಿತು. ಗೆದ್ದರೆ ದೇಶದ ಮಗಳು, ಸೋತರೆ ಕೇರಿಯ ಮಗಳು. ಒಂದು ಶತಮಾನ ಕಳೆದರೂ ಮಣ್ಣಿನ ಕುಡಿಕೆ ಒಡೆದಿಲ್ಲ.

ಅಂದಮೇಲೆ ನಮಗೆ ಸ್ಪಷ್ಟವಾಗಬೇಕು. ಮೈದಾನದಲ್ಲಿ ಹನ್ನೊಂದು ಜನ ಆಡಿ, ಕೋಟಿ ಜನ ಕೂತು ಚಪ್ಪಾಳೆ ತಟ್ಟಿದರೆ ಜಾತಿ ಹೋಗುವುದಿಲ್ಲ. ಚಪ್ಪಾಳೆ ತಟ್ಟುವವನು ತನ್ನ ಜಾಗದಿಂದ ಏಳಬೇಕಾಗಿಲ್ಲವಲ್ಲ!

ನಾಲ್ಕು

ಇಲ್ಲಿ ಕೆಲವರು ಹೇಳುತ್ತಾರೆ: 'ಹಾಗಾದ್ರೆ ನಮ್ಮ ಹಳ್ಳಿ ಆಟಗಳಿಗೆ ಹಿಂದಿರುಗೋಣ. ಅಲ್ಲಿ ಎಲ್ಲರೂ ಒಂದೇ.' ಈ ಮಾತಿನ ಬಗ್ಗೆಯೂ ಎಚ್ಚರವಾಗಿರಬೇಕು. ನಮ್ಮ ಹಳ್ಳಿಯಲ್ಲಿ ಊರು ಬೇರೆ, ಕೇರಿ ಬೇರೆ. ಎಲ್ಲರೂ ಒಂದಾಗಿದ್ದ ಹಳ್ಳಿ ಯಾವುದು?

ಎಷ್ಟೋ ಊರುಗಳಲ್ಲಿ ಜಾತ್ರೆಯ ಕುಸ್ತಿಗೆ ಹಲಗೆ ಬಡಿಯುವವರು ನಮ್ಮವರು, ಅಖಾಡದ ಮಣ್ಣು ಮೈಗೆ ಹಚ್ಚಿಕೊಳ್ಳುವವರು ಬೇರೆಯವರು. ಹಲಗೆಯ ಸದ್ದಿಲ್ಲದೆ ಕುಸ್ತಿ ಕಳೆಗಟ್ಟುವುದಿಲ್ಲ. ಆದರೆ ಹಲಗೆ ಹಿಡಿದ ಕೈಗೆ ಕೈ ಕೊಡುವ ಪೈಲವಾನನಿಲ್ಲ.

ಕರಾವಳಿಯ ಕಂಬಳದ ಕಥೆ ಇದಕ್ಕಿಂತ ಘೋರ. ಕೋಣಗಳ ಓಟ ಶುರುವಾಗುವ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವ ಪದ್ಧತಿ ಅಲ್ಲಿತ್ತು. ಇದು ನಾವು ಕಟ್ಟಿ ಹೇಳಿದ ಮಾತಲ್ಲ. ಕರ್ನಾಟಕ ಸರ್ಕಾರ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧದ ಕಾಯ್ದೆ ತಂದಾಗ, ಏನೇನು ಅಪರಾಧ ಎಂದು ಬರೆಯುವಾಗ ಇದನ್ನೂ ಬರೆಯಬೇಕಾಯಿತು. ಮನುಷ್ಯರನ್ನು ಕೋಣಗಳಂತೆ ಓಡಿಸಬೇಡಿ ಅಂತ ಕಾನೂನು ಮಾಡಬೇಕಾದ ನಾಡು ನಮ್ಮದು. ಆ ದಿನವೂ ಅದು 'ಸಮುದಾಯದ ಆಟ'ವೇ ಆಗಿತ್ತು. ಸಮುದಾಯ ಅಂದರೆ ಯಾರು ಅನ್ನೋದೇ ಪ್ರಶ್ನೆ.

ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಮೈನೆರೆಯುವ ತನಕ ಕುಂಟೆಬಿಲ್ಲೆ, ಮರಕೋತಿ. ಆಮೇಲೆ ವರ್ಷಕ್ಕೊಂದು ಸಲ ಪಂಚಮಿಯ ಜೋಕಾಲಿ. ಮದುವೆಯಾದ ಮೇಲೆ ಅದೂ ತವರಿಗೆ ಹೋದರೆ ಮಾತ್ರ. ಹೆಣ್ಣಿನ ಮೈಯಿಂದ ಓಟವನ್ನು ಕಿತ್ತುಕೊಳ್ಳುವ ಕೆಲಸವನ್ನು ಯಾವ ಕಂಪನಿಯೂ ಮಾಡಲಿಲ್ಲ, ನಮ್ಮ ಊರೇ ಮಾಡಿತು.

ಆದ್ದರಿಂದ ನಾವು ಹಿಂದಕ್ಕೆ ಹೋಗೋಣ ಅನ್ನುವುದಿಲ್ಲ. ಹಿಂದೆ ನಮಗೆ ಜಾಗವಿರಲಿಲ್ಲ. ಆದರೆ ನಮ್ಮ ಜನರ ಆಟಗಳ ಒಳಗೇ ಊರಿನ ಕಟ್ಟಳೆಯನ್ನು ಮುರಿಯುವ ಒಂದು ಗುಣ ಅಡಗಿದೆ. ಅದನ್ನು ಹಿಡಿಯಬೇಕು.

ಐದು

ಕಬಡ್ಡಿಯನ್ನೇ ತೆಗೆದುಕೊಳ್ಳಿ. ಬಯಲಿದ್ದರೆ ಸಾಕು. ಬ್ಯಾಟು ಬೇಡ, ಬೂಟು ಬೇಡ, ಮಣ್ಣಿನ ಮೇಲೆ ಕಾಲಲ್ಲಿ ಎಳೆದ ಗೆರೆಯೇ ಮೈದಾನ. ಬಡವನಿಗೆ ಇದಕ್ಕಿಂತ ಅಗ್ಗದ ಆಟವಿಲ್ಲ. ಆದರೆ ಅಗ್ಗ ಎಂಬುದಷ್ಟೇ ಅದರ ಗುಣವಲ್ಲ. ಕಬಡ್ಡಿ ಮುಟ್ಟದೆ ಆಡಲಾಗದ ಆಟ. ಮುಟ್ಟುವುದೇ ಅದರ ನಿಯಮ. ದಾಳಿಗೆ ಹೋದವನು ಮುಟ್ಟಬೇಕು. ಎದುರಿನವರು ಅವನನ್ನು ತಬ್ಬಿ, ಕಾಲು ಹಿಡಿದು, ಮೈಮೇಲೆ ಬಿದ್ದು ನಿಲ್ಲಿಸಬೇಕು. ಒಬ್ಬನ ಬೆವರು ಇನ್ನೊಬ್ಬನ ಮೈಗೆ ಅಂಟಬೇಕು. ಕ್ರಿಕೆಟ್ಟಿನಲ್ಲಿ ಚೆಂಡು ನಡುವೆ ನಿಂತು ಮಡಿ ಕಾಯಿತು. ಕಬಡ್ಡಿಯಲ್ಲಿ ನಡುವೆ ಏನೂ ಇಲ್ಲ.

ಆದ್ದರಿಂದಲೇ ಊರಿನ ಹುಡುಗರು, ಕೇರಿಯ ಹುಡುಗರು ಒಂದು ಗೆರೆಯ ಎರಡು ಕಡೆ ನಿಂತರೆ ದೊಡ್ಡವರ ಹುಬ್ಬು ಗಂಟಾಗುತ್ತದೆ. ಸೋಲು ಗೆಲುವಿನ ಚಿಂತೆ ಅವರಿಗಿಲ್ಲ. ಕೇರಿಯ ಹುಡುಗ ಗೌಡರ ಮಗನ ತೊಡೆ ಹಿಡಿದು ನೆಲಕ್ಕೆ ಕೆಡವಿದರೆ ಆಟದ ನಿಯಮದಲ್ಲಿ ಅದು ತಪ್ಪಲ್ಲ, ಒಂದು ಪಾಯಿಂಟು. ಊರಿನ ನಿಯಮದಲ್ಲಿ? ಎರಡು ನಿಯಮಗಳು ಒಂದೇ ಬಯಲಲ್ಲಿ ಹೀಗೆ ಎದುರಾಗುವ ಗಳಿಗೆಯೇ ನಮಗೆ ಬೇಕಾದದ್ದು.

ಕಬಡ್ಡಿಗೆ 'ಸಂಜೀವಿನಿ' ಎಂಬ ಒಂದು ಬಗೆಯಿದೆ. ಇವತ್ತಿನ ನಿಯಮಗಳು ಅದರ ಮೇಲೆಯೇ ನಿಂತಿವೆ. ಅದರಲ್ಲಿ ಔಟಾದವನು ಸತ್ತೇಹೋಗುವುದಿಲ್ಲ. ತನ್ನ ಕಡೆಯವರು ಎದುರಿನ ಒಬ್ಬನನ್ನು ಔಟ್ ಮಾಡಿದರೆ ಹೊರಗೆ ಕೂತವನೊಬ್ಬ ಎದ್ದು ಒಳಗೆ ಬರುತ್ತಾನೆ. ತಾನು ಒಬ್ಬನೇ ಗೆದ್ದರೆ ಸಾಲದು, ಬಿದ್ದವನನ್ನು ಎಬ್ಬಿಸಬೇಕು. ಖೋಖೋ ನೋಡಿ. ಸಾಲಾಗಿ ಕೂತವನು ತಾನಾಗಿ ಎದ್ದು ಓಡುವಂತಿಲ್ಲ. ಹಿಂದಿನಿಂದ ಒಬ್ಬ ಬಂದು ಬೆನ್ನು ಮುಟ್ಟಿ 'ಖೋ' ಅನ್ನಬೇಕು. ಸಂಘಟನೆಯ ಪಾಠವನ್ನು ಇದಕ್ಕಿಂತ ಸಲೀಸಾಗಿ ಯಾವ ಶಿಬಿರದಲ್ಲಿ ಹೇಳಿಕೊಡಲು ಸಾಧ್ಯ?

ಈ ಆಟಕ್ಕೂ ಪೇಟೆ ಬಂತು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನ ಹೊತ್ತಿಗೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಕಬಡ್ಡಿಯನ್ನು ಆಡಿ ತೋರಿಸಿದ್ದರು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟಕ್ಕೆ ಅದು ಸೇರಿತು. 2014ರಲ್ಲಿ ಟಿವಿಯ ಲೀಗ್ ಶುರುವಾಯಿತು. 2018ರ ಹರಾಜಿನಲ್ಲಿ ಕಬಡ್ಡಿ ಆಟಗಾರರ ಬೆಲೆ ಮೊದಲ ಸಲ ಕೋಟಿ ದಾಟಿತು.

ಹರಾಜು! ಜೀತಕ್ಕಿದ್ದವರ ಮಕ್ಕಳಾದ ನಮಗೆ ಈ ಪದ ಕಿವಿಗೆ ಚುಚ್ಚುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಕೋಟಿ ಪಡೆಯುವ ಆಟಗಾರ ಜೀತದಾಳು ಅಂತ ನಾವು ಹೇಳಿದರೆ ಜೀತ ಮಾಡಿ ಸತ್ತವರಿಗೆ ಅವಮಾನ. ಬಡ ರೈತರ ಮಕ್ಕಳಿಗೆ, ಕೂಲಿಯವರ ಮಕ್ಕಳಿಗೆ ನಾಲ್ಕು ಕಾಸು ಸಿಗಲಿ, ಮನೆ ಕಟ್ಟಿಕೊಳ್ಳಲಿ, ನಮಗೆ ಸಂತೋಷವೇ. ಆದರೆ ಈ ಪೇಟೆ ಆಟದ ಒಳಗೆ ಏನು ಮಾಡಿತು ನೋಡಿ. ಮೊದಲು ದಾಳಿಯ ಅಳತೆ ಉಸಿರು. ಎದೆಯಲ್ಲಿ ಎಷ್ಟು ದಮ್ಮಿದೆಯೋ ಅಷ್ಟು ಹೊತ್ತು. ಈಗ ಗಡಿಯಾರದ 30 ಸೆಕೆಂಡು. ಮಣ್ಣು ಹೋಗಿ ಮ್ಯಾಟು ಬಂತು, ಮ್ಯಾಟಿಗೆ ಬೂಟು ಬಂತು. ಬರಿಗಾಲ ಹುಡುಗನಿಗೆ ಅಗ್ಗದ ಆಟ ದುಬಾರಿಯಾಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ ಇದು: ಮುಟ್ಟಿ ಆಡುವ ಆಟ ನೋಡುವ ಆಟವಾಯಿತು. ಊರಿನವನು ಊರಿನ ಸೋಫಾದಲ್ಲಿ, ಕೇರಿಯವನು ಕೇರಿಯ ಗುಡಿಸಲಲ್ಲಿ. ಒಂದೇ ಪಂದ್ಯ, ಒಂದೇ ಹೊತ್ತು, ಒಂದೇ ಕೂಗು. ನಡುವಿನ ಗೆರೆ ಹಾಗೇ ಇದೆ.

ಆರು

ಆದ್ದರಿಂದ ಮೊದಲ ಪ್ರಶ್ನೆ ಬಯಲಿನದು. ಆಟದ ಪ್ರಶ್ನೆ ಅಂದರೆ ಭೂಮಿಯ ಪ್ರಶ್ನೆ. ಗೋಮಾಳ, ಗುಂಡುತೋಪು, ಸಂತೆಮಾಳ, ಕೆರೆಯಂಗಳ, ಇವೆಲ್ಲ ಯಾರ ಹೆಸರಿಗೂ ಇಲ್ಲದೆ ಎಲ್ಲರಿಗೂ ಸೇರಿದ ಜಾಗಗಳು. ಇವು ಒತ್ತುವರಿಯಾದಾಗ ಹೋದದ್ದು ದನದ ಮೇವು ಮಾತ್ರವಲ್ಲ, ಮಕ್ಕಳ ಓಟವೂ ಹೋಯಿತು. ಕಡ್ಡಾಯ ಶಿಕ್ಷಣದ 2009ರ ಕಾಯ್ದೆ ಶಾಲೆಗೆ ಆಟದ ಮೈದಾನ ಇರಲೇಬೇಕು ಅನ್ನುತ್ತದೆ. ನಿಮ್ಮೂರ ಸರ್ಕಾರಿ ಶಾಲೆಗೆ ಇದೆಯೇ? ಇದ್ದರೆ ಅದರ ಗಡಿ ಎಲ್ಲಿಯವರೆಗೆ? ಪಹಣಿ ತೆಗೆಸಿ ನೋಡಿ, ಅಳತೆ ಮಾಡಿಸಿ. ಮೈದಾನವಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಕ್ರೀಡಾಂಗಣದ ಟಿಕೆಟ್ಟಿಗೆ ಗೇಟಿನಲ್ಲಿ ನಿಲ್ಲುವ ನಾವು ನಮ್ಮ ಬಯಲಿಗಾಗಿ ಪಂಚಾಯ್ತಿ ಬಾಗಿಲಲ್ಲಿ ಒಂದು ದಿನವಾದರೂ ನಿಲ್ಲಬೇಡವೆ?

ಎರಡನೆಯದು, ಹಳ್ಳಿಯ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನಮ್ಮ ಮನವಿ. ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ತಂಡ ಮಾಡುವಾಗ ಹುಡುಗರಿಗೇ ಬಿಟ್ಟರೆ ಕೇರಿಯವರೊಂದು ತಂಡ, ಊರವರೊಂದು ತಂಡ ತಾನಾಗಿ ಆಗಿಬಿಡುತ್ತದೆ. ಹಾಗೆ ಬಿಡಬೇಡಿ. ಹಾಜರಿ ಪುಸ್ತಕದ ನಂಬರು ಹಿಡಿದು, ಸರಿ ಸಂಖ್ಯೆ ಒಂದು ಕಡೆ, ಬೆಸ ಸಂಖ್ಯೆ ಒಂದು ಕಡೆ ಅಂತ ನಿಲ್ಲಿಸಿ. ಹೆಣ್ಣುಮಕ್ಕಳನ್ನು ರಂಗೋಲಿ ಸ್ಪರ್ಧೆಗೆ ಕಳಿಸಿ ಕೈತೊಳೆದುಕೊಳ್ಳಬೇಡಿ, ಅವರಿಗೂ ಗೆರೆ ಎಳೆದುಕೊಡಿ. ಆಟ ಮುಗಿದ ಮೇಲೆ ಒಂದೇ ನಲ್ಲಿಯಲ್ಲಿ, ಒಂದೇ ಲೋಟದಲ್ಲಿ ಎಲ್ಲರೂ ನೀರು ಕುಡಿಯಲಿ. ಬಾಳೂವನ್ನು ಹೊರಗೆ ನಿಲ್ಲಿಸಿದ್ದು ಆಟವಲ್ಲ, ಆಟದ ನಂತರದ ಆ ಲೋಟ. ನಮ್ಮ ಶಾಲೆಗಳಲ್ಲಿ ಅದು ಮತ್ತೆ ಆಗಬಾರದು.

ಸಂಘಟನೆಯ ಗೆಳೆಯರು ಏಪ್ರಿಲ್ 14ಕ್ಕೆ ಮೆರವಣಿಗೆ, ಭಾಷಣ ಮಾಡುತ್ತೇವೆ. ಮಾಡೋಣ. ಅದರ ಜೊತೆಗೆ ಆ ದಿನ ಸಂಜೆ ಒಂದು ಕಬಡ್ಡಿಯೂ ಇರಲಿ. ಕಪ್ಪು, ಬಹುಮಾನ, ಪ್ರಾಯೋಜಕರ ಬ್ಯಾನರು ಯಾವುದೂ ಬೇಡ. ಊರಿನ ಹುಡುಗರನ್ನೂ ಕರೆಯೋಣ. ಬಂದವರು ಬರಲಿ, ಬಾರದವರು ಯಾಕೆ ಬರಲಿಲ್ಲ ಎಂಬುದನ್ನು ಊರೆಲ್ಲ ನೋಡಲಿ. ಜಗಳವಾದೀತು ಅಂತ ಹೆದರುವವರಿಗೆ ನಾವು ಹೇಳುವುದಿಷ್ಟೆ: ಜಗಳ ಆಗಲೇ ಇದೆ, ಬಹಳ ಕಾಲದಿಂದ ಇದೆ. ಬಯಲಲ್ಲಿ ಆದರೆ ಅದಕ್ಕೆ ನಿಯಮವಾದರೂ ಇರುತ್ತದೆ, ಎರಡು ಕಡೆಗೂ ಒಂದೇ ನಿಯಮ.